ಉಣುಗು ಉತ್ತರಕ್ಕೆ ಸರಿದದ್ದು ಶಾಖದಿಂದ ಮಾತ್ರವೇ?

ಕೆಲವು ಪುಸ್ತಕಗಳ ಹೆಸರಿನಲ್ಲೇ ಅವುಗಳ ತೀರ್ಮಾನ ಇರುತ್ತದೆ. 2018ರಲ್ಲಿ ಅಮೆರಿಕದ ಐಲ್ಯಾಂಡ್ ಪ್ರೆಸ್ ಹೊರತಂದ ‘ಲೈಮ್: ದಿ ಫಸ್ಟ್ ಎಪಿಡೆಮಿಕ್ ಆಫ್ ಕ್ಲೈಮೇಟ್ ಚೇಂಜ್’ ಅಂಥದೊಂದು ಪುಸ್ತಕ. ಬರೆದವರು ತನಿಖಾ ಪತ್ರಕರ್ತೆ ಮೇರಿ ಬೆತ್ ಫೈಫರ್. ಹವಾಮಾನ ಬದಲಾವಣೆಯಿಂದ ಹುಟ್ಟಿದ ಮೊದಲ ಸಾಂಕ್ರಾಮಿಕವೇ ಲೈಮ್ ರೋಗ ಎಂದು ಶೀರ್ಷಿಕೆ ಸಾರುತ್ತದೆ. ಇದು ಪತ್ರಕರ್ತೆಯೊಬ್ಬರ ಮಾತು ಮಾತ್ರವಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ 2014ರ ವರದಿಯಲ್ಲಿ ಲೈಮ್ ರೋಗವನ್ನು ಹವಾಮಾನ ಬದಲಾವಣೆಯ ಸೂಚಕಗಳ ಪಟ್ಟಿಗೆ ಸೇರಿಸಿತ್ತು.

ಪುಸ್ತಕದ ಅಧ್ಯಾಯಗಳನ್ನು ಒಂದೊಂದಾಗಿ ಪರಿಚಯಿಸುವುದು ಈ ಲೇಖನದ ಉದ್ದೇಶವಲ್ಲ. ಅದರ ಶೀರ್ಷಿಕೆಯನ್ನು ಒಂದು ವೈಜ್ಞಾನಿಕ ಹೇಳಿಕೆ ಎಂದೇ ಭಾವಿಸಿ ಪರೀಕ್ಷಿಸೋಣ. ಭೂಮಿ ಬಿಸಿಯಾಗುತ್ತಿದೆ ಎಂಬುದರಲ್ಲಿ ಸಂದೇಹವಿಲ್ಲ. ಲೈಮ್ ರೋಗ ಶೀತ ಪ್ರದೇಶಗಳತ್ತ ಹರಡುತ್ತಿದೆ ಎಂಬುದರಲ್ಲೂ ಸಂದೇಹವಿಲ್ಲ. ಆದರೆ ಮೊದಲನೆಯದು ಎರಡನೆಯದಕ್ಕೆ ಕಾರಣವೆ? ಕಾರಣವಾದರೆ ಎಷ್ಟರ ಮಟ್ಟಿಗೆ, ಎಲ್ಲೆಲ್ಲಿ?

ರೋಗ, ರೋಗಾಣು, ವಾಹಕ

1975ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನಲ್ಲಿ ಹಲವು ಮಕ್ಕಳಿಗೆ ಒಟ್ಟೊಟ್ಟಿಗೆ ಕೀಲುನೋವು, ಕೀಲುಬಾವು ಕಾಣಿಸಿಕೊಂಡವು. ಇದು ಸಹಜವಲ್ಲ ಎಂದು ಮೊದಲು ಶಂಕಿಸಿದವರು ಅಲ್ಲಿನ ತಾಯಂದಿರು. ಯೇಲ್ ವಿಶ್ವವಿದ್ಯಾಲಯದ ಆಲನ್ ಸ್ಟಿಯರ್ ಮತ್ತು ಸಂಗಡಿಗರು ತನಿಖೆ ನಡೆಸಿ, ಇದು ಹೊಸ ಬಗೆಯ ಸಂಧಿವಾತವೆಂದೂ ಯಾವುದೋ ಕೀಟದಂಥ ಜೀವಿಯ ಕಡಿತದಿಂದ ಬರುತ್ತಿರಬಹುದೆಂದೂ ವರದಿ ಮಾಡಿದರು. 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ನ್ಯೂಯಾರ್ಕಿನ ಶೆಲ್ಟರ್ ದ್ವೀಪದಿಂದ ತಂದ ಉಣುಗುಗಳ ಕರುಳಿನಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಗಳನ್ನು ಕಂಡರು. ಆ ರೋಗಾಣುವಿಗೆ ಇಂದು ಅವರದೇ ಹೆಸರಿದೆ: ಬೊರೇಲಿಯ ಬರ್ಗ್‌ಡಾರ್ಫೆರಿ.

ಉಣುಗು ಎಂದರೆ ನಮ್ಮ ದನ, ನಾಯಿಗಳ ಮೈಗೆ ಅಂಟುವ ಅದೇ ರಕ್ತಹೀರುಕ. ಕೆಲವೆಡೆ ಇದನ್ನು ಉಣ್ಣೆ, ಉಣ್ಣಿ ಎನ್ನುವುದೂ ಉಂಟು. ಇದು ಕೀಟವಲ್ಲ, ಜೇಡದ ಬಳಗದ್ದು. ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಲೈಮ್ ರೋಗವನ್ನು ಹರಡುವುದು ಇಕ್ಸೋಡಿಸ್ ಸ್ಕ್ಯಾಪ್ಯುಲಾರಿಸ್ ಎಂಬ ಪ್ರಭೇದ. ಯೂರೋಪಿನಲ್ಲಿ ಆ ಕೆಲಸ ಇಕ್ಸೋಡಿಸ್ ರಿಸಿನಸ್‌ನದು. ಎರಡಕ್ಕೂ ಮೊಟ್ಟೆಯ ನಂತರ ಮೂರು ಹಂತಗಳಿವೆ: ಆರು ಕಾಲಿನ ಲಾರ್ವ, ಗಸಗಸೆ ಕಾಳಿನಷ್ಟಿರುವ ಎಂಟು ಕಾಲಿನ ನಿಂಫ್, ಕೊನೆಗೆ ಪ್ರೌಢ ಉಣುಗು. ಪ್ರತಿ ಹಂತದಲ್ಲಿ ಒಂದೇ ಬಾರಿ ರಕ್ತದೂಟ. ಈ ಚಕ್ರ ಪೂರ್ಣವಾಗಲು ಸಾಮಾನ್ಯವಾಗಿ ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಬೇಕು.

ಇಲ್ಲಿ ಎರಡು ಅಂಶಗಳನ್ನು ನೆನಪಿಡಿ. ಮೊದಲನೆಯದು, ಲಾರ್ವ ಹುಟ್ಟುವಾಗ ಅದರಲ್ಲಿ ಈ ರೋಗಾಣು ಇರುವುದಿಲ್ಲ. ಸೋಂಕಿರುವ ಇಲಿಯ ಅಥವಾ ಇನ್ನಾವುದೋ ಪ್ರಾಣಿಯ ರಕ್ತ ಹೀರಿದಾಗ ಅದು ರೋಗಾಣುವನ್ನು ಪಡೆಯುತ್ತದೆ. ಎರಡನೆಯದು, ಪ್ರೌಢ ಹೆಣ್ಣಿಗೆ ಸಾವಿರಾರು ಮೊಟ್ಟೆಗಳನ್ನಿಡಲು ಬೇಕಾದ ರಕ್ತ ಹೆಚ್ಚಾಗಿ ಜಿಂಕೆಯಿಂದ ದೊರೆಯುತ್ತದೆ. ಜಿಂಕೆ ಉಣುಗಿಗೆ ಸೋಂಕು ಅಂಟಿಸುವುದಿಲ್ಲ, ಆದರೆ ಅದರ ಸಂತತಿಯನ್ನು ಬೆಳೆಸುತ್ತದೆ. ಹೀಗಾಗಿ ರೋಗಾಣು, ಉಣುಗು, ಇಲಿ, ಜಿಂಕೆ, ಕಾಡು, ಮನುಷ್ಯ ಇಷ್ಟೂ ಒಂದೆಡೆ ಸೇರಿದಾಗ ಮಾತ್ರ ಲೈಮ್ ರೋಗ. ಉಷ್ಣತೆ ಇವುಗಳ ಜೊತೆಗೆ ಸೇರುವ ಇನ್ನೊಂದು ಅಂಶ.

ಶೀರ್ಷಿಕೆ ಗೆಲ್ಲುವ ಜಾಗ

ಹವಾಮಾನದ ವಾದ ಅತ್ಯಂತ ಗಟ್ಟಿಯಾಗಿ ನಿಲ್ಲುವುದು ಕೆನಡಾದಲ್ಲಿ. 1990ರ ದಶಕದ ಆರಂಭದವರೆಗೆ ಆ ವಿಶಾಲ ದೇಶದಲ್ಲಿ ಸ್ಕ್ಯಾಪ್ಯುಲಾರಿಸ್ ಉಣುಗು ನೆಲೆಯೂರಿದ್ದ ಜಾಗವೆಂದು ಗೊತ್ತಿದ್ದುದು ಒಂದೇ, ಈರಿ ಸರೋವರದ ದಂಡೆಯ ಲಾಂಗ್ ಪಾಯಿಂಟ್. ಆನಂತರ ದಕ್ಷಿಣ ಒಂಟಾರಿಯೊ, ಕ್ವಿಬೆಕ್, ಮ್ಯಾನಿಟೋಬ, ನೋವಾ ಸ್ಕೋಶಿಯಾಗಳಲ್ಲಿ ಅದು ಒಂದೊಂದಾಗಿ ನೆಲೆಗಳನ್ನು ಕಂಡುಕೊಂಡಿತು. 2009ರಲ್ಲಿ ಕೆನಡಾ ರಾಷ್ಟ್ರಮಟ್ಟದಲ್ಲಿ ಲೆಕ್ಕವಿಡತೊಡಗಿದಾಗ ವರದಿಯಾದದ್ದು 144 ಪ್ರಕರಣ. 2017ರಲ್ಲಿ ಆ ಸಂಖ್ಯೆ 2025.

ಉಣುಗು ತಾನಾಗಿ ನಡೆಯುವುದು ಕೆಲವೇ ಮೀಟರುಗಳಷ್ಟು. ಹಾಗಾದರೆ ಗಡಿ ದಾಟಿದ್ದು ಹೇಗೆ? ವಸಂತದಲ್ಲಿ ದಕ್ಷಿಣದಿಂದ ಹಿಂದಿರುಗುವ ಹಕ್ಕಿಗಳ ಮೈಮೇಲೆ. ಕೆನಡಾದ ವಿಜ್ಞಾನಿ ನಿಕೊಲಸ್ ಆಗ್ಡನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಹೀಗೆ ಪ್ರತಿ ವಸಂತದಲ್ಲಿ ಕೆನಡಾಕ್ಕೆ ಬಂದಿಳಿಯುವ ಉಣುಗುಗಳ ಸಂಖ್ಯೆ 5 ಕೋಟಿಯಿಂದ 17.5 ಕೋಟಿ! ಹಕ್ಕಿಗಳ ವಲಸೆ ಹೊಸದಲ್ಲ. ಬೀಜ ಹಿಂದೆಯೂ ಬೀಳುತ್ತಿತ್ತು, ಆದರೆ ಮೊಳೆಯುತ್ತಿರಲಿಲ್ಲ. ಈಗ ಮೊಳೆಯುತ್ತಿದೆ. ಇದಕ್ಕೆ ಉತ್ತರ ಉಷ್ಣತೆಯ ಲೆಕ್ಕದಲ್ಲಿದೆ.

ಉಣುಗು ಒಂದು ಹಂತದಿಂದ ಮುಂದಿನದಕ್ಕೆ ಬೆಳೆಯಲು ಎಷ್ಟು ದಿನ ಬೇಕೆಂಬುದನ್ನು ಸುತ್ತಲಿನ ಉಷ್ಣತೆ ನಿರ್ಧರಿಸುತ್ತದೆ. ಇದನ್ನು ಅಳೆಯಲು ‘ಡಿಗ್ರಿ-ದಿನ’ ಎಂಬ ಮಾನವನ್ನು ಬಳಸುತ್ತಾರೆ. ಒಂದು ದಿನದ ಸರಾಸರಿ ಉಷ್ಣತೆ 12 ಡಿಗ್ರಿ ಸೆಲ್ಸಿಯಸ್ ಇದ್ದರೆ ಆ ದಿನದ ಕೊಡುಗೆ 12 ಡಿಗ್ರಿ-ದಿನ. ಸೊನ್ನೆಗಿಂತ ಕೆಳಗಿನ ದಿನಗಳ ಕೊಡುಗೆ ಸೊನ್ನೆ. ವರ್ಷದ ಎಲ್ಲ ದಿನಗಳನ್ನು ಕೂಡಿದಾಗ ಬರುವ ಮೊತ್ತ ಸುಮಾರು 2800ಕ್ಕಿಂತ ಕಡಿಮೆಯಿದ್ದರೆ ಸ್ಕ್ಯಾಪ್ಯುಲಾರಿಸ್ ಸಂತತಿ ಅಲ್ಲಿ ಉಳಿಯಲಾರದು ಎಂದು ಆಗ್ಡನ್ ತಂಡದ ಗಣಿತೀಯ ಮಾದರಿಗಳು ತೋರಿಸುತ್ತವೆ. ಬೆಳವಣಿಗೆ ತಡವಾದಷ್ಟೂ ನಡುವೆ ಸಾಯುವ ಉಣುಗುಗಳು ಹೆಚ್ಚುತ್ತವೆ. ಕೊನೆಗೆ ಒಂದು ಹೆಣ್ಣಿಗೆ ಬದಲಾಗಿ ಒಂದು ಹೆಣ್ಣೂ ಉಳಿಯುವುದಿಲ್ಲ.

ನೀವೇ ಒಂದು ಲೆಕ್ಕ ಮಾಡಿ ನೋಡಿ. ಒಂದು ಊರಿನಲ್ಲಿ ಸೊನ್ನೆಗಿಂತ ಮೇಲಿನ 200 ದಿನಗಳಿದ್ದು ಅವುಗಳ ಸರಾಸರಿ 13.5 ಡಿಗ್ರಿ ಎನ್ನಿ. ಮೊತ್ತ 2700, ಹೊಸ್ತಿಲಿಗಿಂತ ಕೆಳಗೆ. ಈಗ ಸರಾಸರಿ 1 ಡಿಗ್ರಿ ಏರಲಿ, ಬೆಚ್ಚನೆಯ ಕಾಲ 10 ದಿನ ಹಿಗ್ಗಲಿ. 210 ದಿನ, 14.5 ಡಿಗ್ರಿ, ಮೊತ್ತ 3045. ಕೇವಲ ಒಂದು ಡಿಗ್ರಿಯ ಏರಿಕೆ ಆ ಊರನ್ನು ಹೊಸ್ತಿಲಿನ ಆಚೆಗೆ ದಾಟಿಸಿಬಿಟ್ಟಿತು. ಯುರೇನಿಯಂ ಸರಪಳಿ ಕ್ರಿಯೆಯನ್ನು ಪಾಠ ಮಾಡುವವರಿಗೆ ಇದು ಪರಿಚಿತ ವಿಷಯ. ಒಂದು ನ್ಯೂಟ್ರಾನಿನಿಂದ ಮುಂದಿನ ತಲೆಮಾರಿಗೆ ಸರಾಸರಿ 0.99 ನ್ಯೂಟ್ರಾನ್ ಉಳಿದರೆ ಕ್ರಿಯೆ ಆರಿಹೋಗುತ್ತದೆ, 1.01 ಉಳಿದರೆ ಬೆಳೆಯುತ್ತದೆ. ಉಣುಗಿನ ಸಂತತಿಗೂ ಇಂಥ ಒಂದು ಗುಣಕವಿದೆ. ಹವಾಮಾನ ಮುನ್ನೋಟಗಳಂತೆ ಉಷ್ಣತೆ ಏರಿದರೆ ಕೆನಡಾದಲ್ಲಿ ಈ ಗುಣಕ 2ರಿಂದ 5 ಪಟ್ಟು ಹೆಚ್ಚಬಹುದು ಎಂದು ಅದೇ ತಂಡ 2014ರಲ್ಲಿ ಲೆಕ್ಕ ಹಾಕಿತು.

ಕೆನಡಾದ ಅಂಚಿನಲ್ಲಿ ಹವಾಮಾನ ಬದಲಾವಣೆಯೇ ಬಾಗಿಲು ತೆರೆಯಿತು ಎನ್ನಲು ಬಲವಾದ ಆಧಾರವಿದೆ. ಫೈಫರ್ ಅವರ ಶೀರ್ಷಿಕೆ ಇಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ.

ಚಳಿಗಾಲದ ಚಳಿ ಉಣುಗನ್ನು ಕೊಲ್ಲುತ್ತದೆಯೆ?

ಇದೇ ವಾದದ ಜನಪ್ರಿಯ ರೂಪ ಮಾತ್ರ ಬೇರೆ. ‘ಹಿಂದೆ ಕೊರೆಯುವ ಚಳಿ ಉಣುಗುಗಳನ್ನು ಕೊಲ್ಲುತ್ತಿತ್ತು, ಈಗ ಚಳಿ ಕಡಿಮೆಯಾಗಿದೆ, ಅದಕ್ಕೇ ಅವು ಹೆಚ್ಚಿವೆ’ ಎಂಬ ವಿವರಣೆಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಮೇಲಿನ ಲೆಕ್ಕವನ್ನು ಗಮನಿಸಿ: ಅದರಲ್ಲಿ ಸೊನ್ನೆಗಿಂತ ಕೆಳಗಿನ ಉಷ್ಣತೆಗೆ ಸ್ಥಾನವೇ ಇಲ್ಲ. ಮುಖ್ಯವಾದುದು ಬೇಸಿಗೆಯ ಒಟ್ಟು ಶಾಖ.

ಕಾರಣ ಸರಳ ಭೌತವಿಜ್ಞಾನ. ಉಣುಗು ಚಳಿಗಾಲವನ್ನು ಕಳೆಯುವುದು ಗಾಳಿಯಲ್ಲಲ್ಲ, ತರಗೆಲೆಯ ಅಡಿಯಲ್ಲಿ. ತರಗೆಲೆಯ ಮೇಲೆ ಹಿಮದ ಹೊದಿಕೆ. ಹಗುರವಾದ ಹೊಸ ಹಿಮದ ತುಂಬ ಗಾಳಿ ಸೇರಿಕೊಂಡಿರುವುದರಿಂದ ಅದರ ಉಷ್ಣವಾಹಕತೆ ಗಟ್ಟಿ ಮಂಜುಗಡ್ಡೆಯ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಮೇಲೆ ಗಾಳಿ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ದಪ್ಪ ಹಿಮದ ಅಡಿಯ ನೆಲ ಸೊನ್ನೆಯ ಆಸುಪಾಸಿನಲ್ಲಿರಬಲ್ಲುದು. ನ್ಯೂ ಇಂಗ್ಲೆಂಡ್ ಕರಾವಳಿಯಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತರಗೆಲೆ ಮತ್ತು ಹಿಮವನ್ನು ತೆಗೆದುಹಾಕಿದ ಕಡೆ ಕಡಿಮೆ ನಿಂಫ್‌ಗಳು ಬದುಕುಳಿದವು.

ಇದರಿಂದ ಒಂದು ವಿಚಿತ್ರ ಸಾಧ್ಯತೆ ಹೊರಡುತ್ತದೆ. ಚಳಿಗಾಲ ಬೆಚ್ಚಗಾಗಿ ಹಿಮ ತೆಳುವಾದರೆ, ನಡುವೆ ಬರುವ ಕೆಲವು ಕಡು ಚಳಿಯ ರಾತ್ರಿಗಳಲ್ಲಿ ನೆಲ ಮೊದಲಿಗಿಂತ ಹೆಚ್ಚು ತಣ್ಣಗಾಗಬಹುದು. ಅಂದರೆ ಬೆಚ್ಚನೆಯ ಚಳಿಗಾಲ ಎಂದೊಡನೆ ಉಣುಗಿಗೆ ಲಾಭ ಎಂದು ಹೇಳುವಂತಿಲ್ಲ. ಬೇಸಿಗೆಯಲ್ಲೂ ಹೀಗೆಯೇ. ಉಣುಗಿಗೆ ಶಾಖದಷ್ಟೇ ತೇವವೂ ಬೇಕು. ನೆಲಮಟ್ಟದ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 80ಕ್ಕಿಂತ ಬಹುಕಾಲ ಕೆಳಗಿದ್ದರೆ ಅದು ಒಣಗಿ ಸಾಯುತ್ತದೆ.

ಶೀರ್ಷಿಕೆ ಸೋಲುವ ಜಾಗ

ಈಗ ರೋಗಕ್ಕೆ ಹೆಸರು ಕೊಟ್ಟ ಊರಿಗೇ ಹಿಂದಿರುಗೋಣ. ಕನೆಕ್ಟಿಕಟ್‌ನ ಮಕ್ಕಳಿಗೆ ರೋಗ ಬಂದದ್ದು 1975ರ ವೇಳೆಗೆ. ಅಷ್ಟು ಜನರಿಗೆ ಸೋಂಕು ತಗಲಬೇಕಾದರೆ ಉಣುಗುಗಳು ಅದಕ್ಕೂ ಹಿಂದಿನ ದಶಕಗಳಲ್ಲೇ ಹೆಚ್ಚಿರಬೇಕು. ಆದರೆ 1940ರ ದಶಕದಿಂದ 1970ರ ದಶಕದವರೆಗೆ ಜಾಗತಿಕ ಸರಾಸರಿ ಉಷ್ಣತೆ ಹೆಚ್ಚು ಕಡಿಮೆ ಸ್ಥಿರವಾಗಿತ್ತು. ತೀವ್ರ ಏರಿಕೆ ತೊಡಗಿದ್ದು ಆನಂತರ. ಪರಿಣಾಮ ಕಾರಣಕ್ಕಿಂತ ಮೊದಲು ಬರಲಾರದು ಎಂಬುದು ವಿಜ್ಞಾನದ ಮೊದಲ ಪಾಠ.

ಹಾಗಾದರೆ ಅಲ್ಲಿ ಆದದ್ದೇನು? ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂ ಇಂಗ್ಲೆಂಡಿನ ಕಾಡನ್ನು ಬಹುಪಾಲು ಕಡಿದು ಹೊಲ ಮಾಡಿದ್ದರು. ಬೇಟೆಯಿಂದ ಬಿಳಿಬಾಲದ ಜಿಂಕೆ ಕಣ್ಮರೆಯಾಗುವ ಹಂತ ತಲುಪಿತ್ತು. ರೈತರು ಪಶ್ಚಿಮದ ಫಲವತ್ತಾದ ನೆಲಕ್ಕೂ ಪಟ್ಟಣಗಳಿಗೂ ಹೋದ ಮೇಲೆ ಪಾಳುಬಿದ್ದ ಹೊಲಗಳಲ್ಲಿ ಕಾಡು ಮತ್ತೆ ಬೆಳೆಯಿತು. ಬೇಟೆಗೆ ಕಡಿವಾಣ ಬಿತ್ತು, ತೋಳ ಮೊದಲೇ ಅಳಿದಿತ್ತು; ಜಿಂಕೆ ವಿಪರೀತ ಹೆಚ್ಚಿತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಜನ ಆ ಕಾಡಿನಂಚಿಗೇ ಬಂದು ಮನೆ ಕಟ್ಟಿಕೊಂಡರು. ತುಂಡುತುಂಡಾದ ಕಾಡು ಬಿಳಿಪಾದದ ಇಲಿಗೆ ಪ್ರಿಯವಾದ ತಾಣ. ಆ ಇಲಿಯೇ ರೋಗಾಣುವಿನ ದೊಡ್ಡ ಉಗ್ರಾಣ.

ರೋಗಾಣುವಂತೂ ಹೊಸದಲ್ಲವೇ ಅಲ್ಲ. ಯೇಲ್ ಸಂಶೋಧಕರು ಅದರ ಜೀನೋಮುಗಳನ್ನು ಹೋಲಿಸಿ, ಉತ್ತರ ಅಮೆರಿಕದ ಕಾಡುಗಳಲ್ಲಿ ಅದು ಕನಿಷ್ಠ 60,000 ವರ್ಷಗಳಿಂದ ಇದೆ ಎಂದು 2017ರಲ್ಲಿ ವರದಿ ಮಾಡಿದರು. ಯೂರೋಪಿನಲ್ಲಿ, ಈ ರೋಗದ ಗುರುತಾದ ಹರಡುವ ಕೆಂಪು ಉಂಗುರದ ಕಲೆಯನ್ನು ಸ್ವೀಡನ್ನಿನ ಚರ್ಮವೈದ್ಯ ಆರ್ವಿಡ್ ಅಫ್ಜೇಲಿಯಸ್ 1909ರಲ್ಲೇ ವಿವರಿಸಿದ್ದರು.

ಇನ್ನೂ ಸರಳವಾದ ಪರೀಕ್ಷೆಯೊಂದಿದೆ. ಶಾಖವೇ ಕಾರಣವಾಗಿದ್ದರೆ ಅಮೆರಿಕದ ಬೆಚ್ಚನೆಯ ದಕ್ಷಿಣ ರಾಜ್ಯಗಳಲ್ಲಿ ಲೈಮ್ ರೋಗ ಅತಿ ಹೆಚ್ಚಾಗಿರಬೇಕಿತ್ತು. ಅದೇ ಪ್ರಭೇದದ ಉಣುಗು ಅಲ್ಲಿಯೂ ಇದೆ, ಆದರೆ ರೋಗ ವಿರಳ. ದಕ್ಷಿಣದಲ್ಲಿ ಎಳೆಯ ಉಣುಗುಗಳು ಹೆಚ್ಚಾಗಿ ಹಲ್ಲಿಜಾತಿಯ ಪ್ರಾಣಿಗಳ ರಕ್ತ ಹೀರುತ್ತವೆ. ಅವುಗಳಿಂದ ರೋಗಾಣು ದಾಟುವುದು ಕಡಿಮೆ. ಜೊತೆಗೆ ಅಲ್ಲಿನ ನಿಂಫ್‌ಗಳು ತರಗೆಲೆಯ ಅಡಿಯಲ್ಲೇ ಉಳಿಯುವುದರಿಂದ ಮನುಷ್ಯರಿಗೆ ಅಂಟುವುದೂ ಅಪರೂಪ.

ಸ್ವೀಡನ್ನಿನ ನರಿ, ಬಾಲ್ಟಿಕ್‌ನ ಅಣಬೆ

ಯೂರೋಪಿನ ಉತ್ತರಭಾಗದ ಎರಡು ಉದಾಹರಣೆಗಳು ಪ್ರಶ್ನೆಯನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತವೆ.

ಸ್ವೀಡನ್ನಿನಲ್ಲಿ ರಿಸಿನಸ್ ಉಣುಗು ಉತ್ತರಕ್ಕೆ ಸರಿದಿರುವುದು ಖಚಿತ. ಎಲಿಸಬೆತ್ ಲಿಂಡ್‌ಗ್ರೆನ್ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಸೌಮ್ಯವಾಗುತ್ತಿರುವ ಹವೆಯೊಂದಿಗೆ ಜೋಡಿಸಿದರು. ಆದರೆ ಅದೇ ಅವಧಿಯಲ್ಲಿ ಅಲ್ಲಿ ಇನ್ನೊಂದು ಘಟನೆ ನಡೆದಿತ್ತು. 1970ರ ದಶಕದ ಕೊನೆ ಮತ್ತು 1980ರ ದಶಕದಲ್ಲಿ ಕಜ್ಜಿರೋಗವೊಂದು ಕೆಂಪು ನರಿಗಳನ್ನು ಬಹುಸಂಖ್ಯೆಯಲ್ಲಿ ಕೊಂದಿತು. ನರಿ ರೋ ಜಿಂಕೆಯ ಮರಿಗಳನ್ನು ತಿನ್ನುವ ಪ್ರಾಣಿ. ನರಿ ಇಳಿಯಿತು, ಜಿಂಕೆ ಏರಿತು, ಪ್ರೌಢ ಉಣುಗಿಗೆ ಊಟ ಸಿಕ್ಕಿತು. 2012ರಲ್ಲಿ ಥಾಮಸ್ ಯೆನ್ಸನ್ ಮತ್ತು ಸಂಗಡಿಗರು ಉಣುಗಿನ ವಿಸ್ತರಣೆಗೆ ಹವೆಯನ್ನೂ ರೋ ಜಿಂಕೆಯನ್ನೂ ಒಟ್ಟಿಗೆ ಕಾರಣವಾಗಿ ಹೇಳಿದರು. ಒಂದೇ ಕಾಲದಲ್ಲಿ ಏರಿದ ಎರಡು ರೇಖೆಗಳಲ್ಲಿ ಒಂದನ್ನು ಮಾತ್ರ ನೋಡಿದರೆ ಉತ್ತರ ಅರ್ಧವೇ ಆಗುತ್ತದೆ.

ಎರಡನೆಯ ಉದಾಹರಣೆ ಲೈಮ್ ರೋಗದ್ದಲ್ಲ. ಅದೇ ರಿಸಿನಸ್ ಉಣುಗು ಹರಡುವ ವೈರಸ್ ಮಿದುಳುಜ್ವರದ್ದು. ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯಗಳಲ್ಲಿ 1990ರ ದಶಕದ ಆರಂಭದಲ್ಲಿ ಈ ಜ್ವರ ಥಟ್ಟನೆ ಹೆಚ್ಚಿತು. 1989ರಲ್ಲಿ ವಸಂತದ ಉಷ್ಣತೆ ಏರಿದ್ದರಿಂದ ಹವಾಮಾನದ ಕಡೆಗೆ ಬೆರಳು ತೋರಿಸುವುದು ಸುಲಭವಾಗಿತ್ತು. ಆದರೆ ಸಾರಾ ರ‍್ಯಾಂಡಾಲ್ಫ್ ಅವರಿದ್ದ ತಂಡ 2007ರಲ್ಲಿ ಜಿಲ್ಲಾವಾರು ಅಂಕಿಅಂಶಗಳನ್ನು ಪರಿಶೀಲಿಸಿ ತೋರಿಸಿದ್ದೇನೆಂದರೆ, ಹವೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ರೀತಿ ಬದಲಾಗಿತ್ತು, ರೋಗದ ಏರಿಕೆ ಮಾತ್ರ ಜಿಲ್ಲೆಯಿಂದ ಜಿಲ್ಲೆಗೆ ಬೇರೆಬೇರೆಯಾಗಿತ್ತು. ಸಮನಾದ ಕಾರಣ ಅಸಮವಾದ ಪರಿಣಾಮವನ್ನು ತಾನೊಂದೇ ವಿವರಿಸಲಾರದು. ಸೋವಿಯತ್ ಒಕ್ಕೂಟ ಒಡೆದ ಮೇಲಿನ ನಿರುದ್ಯೋಗ ಮತ್ತು ಬಡತನದಿಂದ ಜನ ಅಣಬೆ, ಹಣ್ಣು ಆರಿಸಲು ಕಾಡಿಗೆ ಹೋಗುವುದು ಹೆಚ್ಚಿತ್ತು. ಬೇಸಾಯ ಬಿಟ್ಟ ನೆಲದಲ್ಲಿ ಪೊದೆ ಬೆಳೆದಿತ್ತು. ಉಣುಗು ಮನುಷ್ಯನ ಬಳಿಗೆ ಬಂದದ್ದಕ್ಕಿಂತ ಮನುಷ್ಯ ಉಣುಗಿನ ಬಳಿಗೆ ಹೋದದ್ದು ಹೆಚ್ಚು.

ಈ ಮಿದುಳುಜ್ವರದ ವೈರಸ್ಸಿಗೂ ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸಿಗೂ ನೆಂಟಸ್ತಿಕೆ ಇದೆ. ಎರಡೂ ಒಂದೇ ಗುಂಪಿನವು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗ ಅಲ್ಲಿ ಶಾಖದ ಪ್ರಶ್ನೆಯೇ ಏಳಲಿಲ್ಲ. ಕಾಡು ಕಡಿದದ್ದು, ಕಾಡಿನಂಚಿಗೆ ದನ ಮೇಯಲು ಹೋದದ್ದು, ಸೌದೆ ಸೊಪ್ಪಿಗೆ ಜನ ಹೋದದ್ದು ಇವುಗಳ ಕಡೆಗೆ ತಜ್ಞರ ಗಮನ ಹರಿಯಿತು. ಉತ್ತರದ ಕಥೆಯಲ್ಲೂ ಇವೇ ಪಾತ್ರಗಳು ಇರುವುದನ್ನು ನಾವು ಬೇಗ ಗುರುತಿಸಬಲ್ಲೆವು.

ಅಳತೆಗೋಲು ಬದಲಾದಾಗ

ಭೌತವಿಜ್ಞಾನದ ಅಧ್ಯಾಪಕನಾಗಿ ಇನ್ನೊಂದು ಎಚ್ಚರಿಕೆ ಹೇಳಬೇಕು. ಅಮೆರಿಕದಲ್ಲಿ 2017ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 37,118 ಲೈಮ್ ಪ್ರಕರಣಗಳು ವರದಿಯಾಗಿದ್ದವು. 2022ರಲ್ಲಿ ಆ ಸಂಖ್ಯೆ 62,551ಕ್ಕೆ ಜಿಗಿಯಿತು. ಈ ಎರಡು ಬಿಂದುಗಳನ್ನು ರೇಖಾನಕ್ಷೆಯಲ್ಲಿ ಗುರುತಿಸಿದರೆ ಭಯ ಹುಟ್ಟುತ್ತದೆ. ಆದರೆ 2022ರಲ್ಲಿ ಎಣಿಕೆಯ ನಿಯಮವೇ ಬದಲಾಗಿತ್ತು. ರೋಗ ಹೆಚ್ಚಿರುವ ರಾಜ್ಯಗಳು ರೋಗಲಕ್ಷಣಗಳ ವಿಚಾರಣೆಯಿಲ್ಲದೆ ಪ್ರಯೋಗಾಲಯದ ವರದಿಯೊಂದರ ಮೇಲೆಯೇ ಪ್ರಕರಣವನ್ನು ಎಣಿಸಲು ಅವಕಾಶವಾಯಿತು. ಜಿಗಿತದ ಬಹುಭಾಗ ಅಳತೆಗೋಲಿನದು, ಉಣುಗಿನದಲ್ಲ.

ಇದರ ಅರ್ಥ ರೋಗ ಸಣ್ಣದು ಎಂದಲ್ಲ. ವರದಿಯಾಗುವುದಕ್ಕಿಂತ ಎಷ್ಟೋ ಹೆಚ್ಚು, 2010ರಿಂದ 2018ರ ಅವಧಿಯಲ್ಲಿ ವರ್ಷಕ್ಕೆ ಸುಮಾರು 4,76,000 ಜನ ಲೈಮ್ ರೋಗಕ್ಕೆ ಚಿಕಿತ್ಸೆ ಪಡೆದರೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ ಅಂದಾಜು ಮಾಡಿದೆ. ಸಂಖ್ಯೆಯೊಂದನ್ನು ಉಲ್ಲೇಖಿಸುವ ಮೊದಲು ಅದನ್ನು ಹೇಗೆ ಅಳೆದರು ಎಂದು ಕೇಳುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ಬೆಳೆಯಬೇಕು.

ಶೀರ್ಷಿಕೆ ತಪ್ಪಿದರೆ ಏನು ನಷ್ಟ?

ಒಂದು ಪುಸ್ತಕದ ಹೆಸರಿನ ಬಗ್ಗೆ ಇಷ್ಟು ಚರ್ಚೆ ಏಕೆ ಎಂದು ನೀವು ಕೇಳಬಹುದು. ಕಾರಣವನ್ನು ಹೇಗೆ ಹೇಳುತ್ತೇವೆಯೋ ಪರಿಹಾರವೂ ಹಾಗೆಯೇ ರೂಪುಗೊಳ್ಳುತ್ತದೆ. ‘ಎಲ್ಲಕ್ಕೂ ಹವಾಮಾನವೇ ಹೊಣೆ’ ಎಂದರೆ ಊರಿನ ಮಟ್ಟದಲ್ಲಿ ಮಾಡಬಹುದಾದ ಕೆಲಸಗಳು ಮರೆಯಾಗುತ್ತವೆ. ಕಾಡಿನಂಚಿನಲ್ಲಿ ಮನೆ ಕಟ್ಟುವ ಬಗೆ, ಜಿಂಕೆಗಳ ನಿಯಂತ್ರಣ, ಹೊಸದಾಗಿ ಉಣುಗು ಬಂದ ಊರುಗಳ ವೈದ್ಯರಿಗೆ ತರಬೇತಿ, ಕಾಡಿನಿಂದ ಬಂದೊಡನೆ ಮೈ ಪರೀಕ್ಷಿಸಿಕೊಳ್ಳುವ ರೂಢಿ, ಇವು ಯಾವುವೂ ಭೂಮಿ ತಣ್ಣಗಾಗುವವರೆಗೆ ಕಾಯಬೇಕಿಲ್ಲ. ಲಸಿಕೆಯ ಕಥೆಯನ್ನೇ ನೋಡಿ. ಲೈಮ್‌ರಿಕ್ಸ್ ಎಂಬ ಲಸಿಕೆಗೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು. ಅಡ್ಡಪರಿಣಾಮಗಳ ಆರೋಪ, ಮೊಕದ್ದಮೆ, ಕುಸಿದ ಮಾರಾಟಗಳ ನಡುವೆ 2002ರಲ್ಲಿ ತಯಾರಕರೇ ಅದನ್ನು ಹಿಂತೆಗೆದುಕೊಂಡರು. ಆನಂತರದ ಎರಡು ದಶಕಗಳಲ್ಲಿ ನಾಯಿಗಳಿಗೆ ಲೈಮ್ ಲಸಿಕೆ ಇತ್ತು, ಮನುಷ್ಯರಿಗೆ ಇರಲಿಲ್ಲ. ಈ ಕೊರತೆಗೆ ಉಷ್ಣಮಾಪಕವನ್ನು ದೂರುವಂತಿಲ್ಲ.

ಚಿಕಿತ್ಸೆಯ ವಿಷಯದಲ್ಲೂ ಪುಸ್ತಕಕ್ಕೆ ಇದೇ ಮಾತು ಅನ್ವಯಿಸುತ್ತದೆ. ಪ್ರತಿಜೀವಕ ಕೊಟ್ಟ ಮೇಲೂ ತಿಂಗಳುಗಟ್ಟಲೆ ನರಳುವ ರೋಗಿಗಳ ಪರವಾಗಿ ಫೈಫರ್ ನಿಲ್ಲುತ್ತಾರೆ. ಅವರ ಮಾತಿಗೆ ಕಿವಿಗೊಡದ ವೈದ್ಯವರ್ಗವನ್ನು ಪ್ರಶ್ನಿಸುವುದು ಪತ್ರಕರ್ತೆಯಾಗಿ ಅವರ ಹಿರಿಮೆ. ರೋಗಿಗಳ ನೋವು ನಿಜ. ಆದರೆ ದೀರ್ಘಕಾಲದ ಪ್ರತಿಜೀವಕವೇ ಅದಕ್ಕೆ ಪರಿಹಾರ ಎಂಬುದಕ್ಕೆ ಆಧಾರ ದುರ್ಬಲ. ನೆದರ್ಲೆಂಡ್ಸ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ನಿಯಂತ್ರಿತ ಪ್ರಯೋಗದಲ್ಲಿ, ಆರಂಭದ ಚಿಕಿತ್ಸೆಯ ಮೇಲೆ ಹನ್ನೆರಡು ವಾರ ಹೆಚ್ಚುವರಿ ಪ್ರತಿಜೀವಕ ಕೊಟ್ಟರೂ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ನೋವು ನಿಜವಾಗಿರುವುದರಿಂದಲೇ ಅದಕ್ಕೆ ಸೂಚಿಸಿದ ಕಾರಣವೂ ನಿಜವಾಗುವುದಿಲ್ಲ.

ಹಾಗಾದರೆ ಫೈಫರ್ ಅವರ ಪುಸ್ತಕವನ್ನು ಓದಬೇಡವೆ? ಖಂಡಿತ ಓದಿ. ಬಹುಕಾಲ ಕಡೆಗಣಿಸಲ್ಪಟ್ಟ ರೋಗವೊಂದರ ಕಡೆಗೆ ಅದು ಲೋಕದ ಗಮನ ಸೆಳೆಯಿತು. ಆದರೆ ಶೀರ್ಷಿಕೆಯನ್ನು ಮನಸ್ಸಿನಲ್ಲೇ ಹೀಗೆ ತಿದ್ದಿಕೊಳ್ಳಿ: ಲೈಮ್ ರೋಗ ಕಾಡು ಮತ್ತು ಮನುಷ್ಯರ ಬದಲಾದ ಸಂಬಂಧದಿಂದ ಉಲ್ಬಣಿಸಿತು, ಹವಾಮಾನ ಬದಲಾವಣೆ ಅದಕ್ಕೆ ಉತ್ತರದ ಬಾಗಿಲನ್ನು ತೆರೆದುಕೊಟ್ಟಿತು. ಈ ವಾಕ್ಯ ಮುಖಪುಟಕ್ಕೆ ಒಪ್ಪುವಷ್ಟು ಚುರುಕಲ್ಲ. ಅದರಿಂದ ಜಾಗತಿಕ ತಾಪಮಾನದ ಅಪಾಯವೇನೂ ಕಡಿಮೆಯಾಗುವುದಿಲ್ಲ. ಬದಲಾಗಿ, ಹವಾಮಾನ ಬದಲಾವಣೆಯನ್ನೇ ಅಲ್ಲಗಳೆಯುವವರ ಕೈಗೆ ಉತ್ಪ್ರೇಕ್ಷೆಯ ಅಸ್ತ್ರ ಸಿಗುವುದು ತಪ್ಪುತ್ತದೆ.

ಅಧ್ಯಾಪಕ ಮಿತ್ರರಲ್ಲಿ ಒಂದು ಸಲಹೆ. ‘ಭೂಮಿ ಬಿಸಿಯಾದರೆ ರೋಗಗಳು ಹೆಚ್ಚುತ್ತವೆ’ ಎಂಬ ವಾಕ್ಯವನ್ನು ಟಿಪ್ಪಣಿಯಾಗಿ ಬರೆಸುವ ಬದಲು ಅದನ್ನು ತರಗತಿಯಲ್ಲಿ ಪ್ರಶ್ನೆಯಾಗಿ ಇಡಿ. ಕಾರಣ ಪರಿಣಾಮಕ್ಕಿಂತ ಮೊದಲು ಬಂತೆ? ಕಾರಣವಿರುವ ಎಲ್ಲ ಕಡೆ ಪರಿಣಾಮ ಇದೆಯೆ? ಅದೇ ಕಾಲದಲ್ಲಿ ಬೇರೇನು ಬದಲಾಗಿತ್ತು? ಅಳತೆಗೋಲು ಒಂದೇ ಆಗಿತ್ತೆ? ಕನೆಕ್ಟಿಕಟ್ ಮೊದಲ ಪ್ರಶ್ನೆಗೆ, ಅಮೆರಿಕದ ದಕ್ಷಿಣ ರಾಜ್ಯಗಳು ಎರಡನೆಯದಕ್ಕೆ, ಸ್ವೀಡನ್ನಿನ ನರಿ ಮೂರನೆಯದಕ್ಕೆ, 2022ರ ಎಣಿಕೆ ನಾಲ್ಕನೆಯದಕ್ಕೆ ಉದಾಹರಣೆ ಒದಗಿಸುತ್ತವೆ. ಲೈಮ್ ರೋಗವನ್ನು ನಮ್ಮ ವಿದ್ಯಾರ್ಥಿಗಳು ಬಹುಶಃ ಎಂದೂ ಕಾಣಲಿಕ್ಕಿಲ್ಲ. ಆದರೆ ಒಂದೇ ಕಾರಣದಿಂದ ಎಲ್ಲವನ್ನೂ ವಿವರಿಸುವ ಶೀರ್ಷಿಕೆಗಳನ್ನು ಅವರು ದಿನವೂ ಕಾಣುತ್ತಾರೆ.